ಛಾವಣಿಯ ಮೇಲಿನ ನಗೆಮಾತು

(ಜೇಜುರಿಯ ನಮ್ಮ ಕನ್ನಡ ಸಂಘದ ಉಚಿತ ವಾಚನಾಲಯದಲ್ಲಿ, ಓದುಗರ ಕೂಟದ ಮುಂದೆ ಮಾಡಿದ ಭಾಷಣ)

ಹಿಂದಿನ ಬೆಂಚಿನಲ್ಲಿ ಕುಳಿತಿರುವ ಛಾವಣಿ ಕೆಲಸದ ತಮ್ಮಂದಿರೇ,

ಕಾರ್ಯದರ್ಶಿಗಳು ಮಾತಾಡಲು ಕರೆದಾಗ ನಾವು ಮೊದಲು ಹಿಂಜರಿದೆವು. ಈ ಮೇಜಿನ ಹಿಂದೆ ನಿಂತು ಮಾತಾಡಿದವರು ಪ್ರಾಧ್ಯಾಪಕರು, ವೈದ್ಯರು, ಕೀರ್ತನಕಾರರು. ನಾವಾದರೋ ಮೆಟ್ರಿಕ್ ತನಕ ಓದಿ ಗಿರಣಿಯ ಉಗ್ರಾಣದ ಲೆಕ್ಕ ಬರೆಯುವ ಗುಮಾಸ್ತರು. ಭಾನುವಾರ ಸಂಜೆ ಇಲ್ಲಿಗೆ ಬಂದು ಹರಿದ ಪುಸ್ತಕಗಳಿಗೆ ರಟ್ಟು ಹಾಕುವವರು. "ನಿಮಗೆ ತಿಳಿದದ್ದನ್ನೇ ಹೇಳಿರಿ" ಎಂದು ಅವರು ಧೈರ್ಯ ಕೊಟ್ಟರು. ನಮಗೆ ತಿಳಿದದ್ದು ಎರಡೇ: ಉಗ್ರಾಣಕ್ಕೆ ಬಂದ ಸಾಮಾನು, ಉಗ್ರಾಣದ ಕಿಟಕಿಗೆ ಬಂದ ಮಾತು. ಈ ಹೊತ್ತು ಎರಡನ್ನೂ ಕೂಡಿಸಿ ಹೇಳುತ್ತೇವೆ.

ಜೇಜುರಿ ನಮಗೆ ಪರಸ್ಥಳವಲ್ಲ. ಇಲ್ಲಿಯ ಗುಡ್ಡದ ಮೇಲಿನ ಖಂಡೋಬನೇ ನಮ್ಮ ಕಡೆಯ ಮೈಲಾರಲಿಂಗ, ನಮ್ಮ ಮಲ್ಲಯ್ಯ. "ಯೇಳ್ಕೋಟ್ ಯೇಳ್ಕೋಟ್, ಜಯ ಮಲ್ಹಾರ" ಎಂದು ಭಂಡಾರ ತೂರುವವರ ಕೂಗಿನೊಳಗೆ ನಮ್ಮ "ಏಳುಕೋಟಿ ಏಳುಕೋಟಿಗೋ" ಕೇಳಿಸುತ್ತದೆ. ಸೋಮವತಿ ಅಮಾವಾಸ್ಯೆಯ ದಿನ ಪಲ್ಲಕ್ಕಿ ಕರ್ಹಾ ನದಿಗೆ ಇಳಿಯುವಾಗ ಜನಜಂಗುಳಿಯಲ್ಲಿ ಕನ್ನಡದ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಗುಡ್ಡದ ಮೇಲೆ ದೇವರು, ಗುಡ್ಡದ ಕೆಳಗೆ ಕೈಗಾರಿಕಾ ವಸಾಹತು. ದೇವರಿಗೆ ನಡೆದುಕೊಳ್ಳಲು ಬಂದವರಂತೆಯೇ ಹೊಟ್ಟೆಯ ಪಾಡಿಗೆ ಬಂದವರೂ ನಮ್ಮಲ್ಲಿ ಇದ್ದಾರೆ.

ಕಳೆದ ಬೇಸಗೆಯಲ್ಲಿ ನಮ್ಮ ಗಿರಣಿಯ ತಗಡಿನ ಛಾವಣಿಯ ಮೇಲೆ ಸೌರಫಲಕಗಳನ್ನು ಕೂಡಿಸುವ ಕೆಲಸ ನಡೆಯಿತು. ಏಳು ಜನರ ತಂಡ. ಮುಖ್ಯಸ್ಥರು ಹೂವಿನಹಡಗಲಿಯ ಕಡೆಯವರು, ಐವತ್ತು ದಾಟಿದವರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾವೂ ಹಾಗೆಯೇ ಅಂದೆವು. ಇಂಡಿಯ ಅಣ್ಣತಮ್ಮಂದಿರಿಬ್ಬರು, ಅಕ್ಕಲಕೋಟೆಯವನೊಬ್ಬ, ಈ ಪುರಂದರ ತಾಲ್ಲೂಕಿನವರೇ ಆದ ಮರಾಠಿ ಹುಡುಗರಿಬ್ಬರು, ಎಲ್ಲರಿಗಿಂತ ಚಿಕ್ಕವನಾಗಿ ಜತ್ತದ ಹುಡುಗನೊಬ್ಬ. ಸಾಮಾನು ಗಿರಣಿಯದು, ಕೂಲಿ ಗುತ್ತಿಗೆದಾರರದು ಎಂದು ಕರಾರು. ಹೀಗಾಗಿ ಮೊಳೆಯಿಂದ ತಂತಿಯವರೆಗೆ ಪ್ರತಿಯೊಂದಕ್ಕೂ ಅವರು ನಮ್ಮ ಕಿಟಕಿಗೆ ಬರಬೇಕು. ಸಾಮಾನಿನ ಚೀಟಿಯ ಜೊತೆಗೆ ಒಂದೊಂದು ನಗೆಮಾತೂ ಬರುತ್ತಿತ್ತು.

ಮೊದಲನೆಯ ದಿನವೇ ಜತ್ತದ ಹುಡುಗ ಕಿಟಕಿಯಲ್ಲಿ ನಿಂತು, "ಸಾಹೇಬ್ರ, ಎರಡು ಕಿಲೋ ವ್ಯಾಟ್ ತೂಗಿ ಕೊಡಬೇಕಂತ್ರಿ" ಎಂದ. ಮೇಲೆ ಆರು ಜನ ಛಾವಣಿಯ ಅಂಚಿಗೆ ಬಂದು ಕಿವಿಗೊಟ್ಟಿದ್ದರು. ನಾವೂ ಸುಮ್ಮನಿರದೆ, "ಚೀಲ ತಂದೀಯೇನೋ ತಮ್ಮಾ?" ಎಂದೆವು. ಅವನು ಪಾಪ, ಚೀಲ ತರಲು ಓಡಿದ. ವ್ಯಾಟ್ ಎಂಬುದು ಶಕ್ತಿಯ ಅಳತೆ. ತಕ್ಕಡಿಗೆ ಬರುವ ವಸ್ತುವಲ್ಲ ಎಂದು ಅವನಿಗೆ ಆ ದಿನ ತಿಳಿಯಿತು, ಇನ್ನೆಂದೂ ಮರೆಯದ ಹಾಗೆ ತಿಳಿಯಿತು. ನಗೆಯು ಒಳ್ಳೆಯ ಉಪಾಧ್ಯಾಯ ಎಂಬುದಕ್ಕೆ ಇದೊಂದು ಸಾಕ್ಷಿ.

ತಂತಿಗಳು ಗೋಜಲಾಗಿ ಬಿದ್ದಿದ್ದರೆ, "ಇಲ್ಲಿ ಯಾರೋ ಶ್ಯಾವಿಗಿ ಒಣಹಾಕ್ಯಾರ" ಎನ್ನುವರು. ಇಕ್ಕಳದಿಂದ ಒತ್ತದೆ ಬರಿಗೈಯಿಂದ ಹೊಸೆದು ಟೇಪು ಸುತ್ತಿದ ಜೋಡಣೆಗೆ ಅವರಿಟ್ಟ ಹೆಸರು ಗಾಂಧರ್ವ ವಿವಾಹ: ಪುರೋಹಿತರಿಲ್ಲ, ಸಾಕ್ಷಿಯಿಲ್ಲ, ಎಂದು ಮುರಿಯುವುದೋ ಹೇಳುವಂತಿಲ್ಲ. ಒಂದು ಕಂಪನಿಯ ಗಂಡು ಕನೆಕ್ಟರಿಗೆ ಇನ್ನೊಂದು ಕಂಪನಿಯ ಹೆಣ್ಣು ಕನೆಕ್ಟರು ಸಿಕ್ಕಿಸಿದ್ದರೆ ಅದು ಜಾತಕ ಕೂಡದ ಮದುವೆ. ಭೂಮಿಗೆ ಇಳಿಸಬೇಕಾದ ಅರ್ಥಿಂಗ್ ತಂತಿಯನ್ನು ಯಾವುದೋ ಕಬ್ಬಿಣದ ಕೋಲಿಗೆ ಕಟ್ಟಿ ಬಿಟ್ಟದ್ದನ್ನು ಕಂಡು ಅಕ್ಕಲಕೋಟೆಯವನು, "ಅರ್ಥ ಇಲ್ಲ, ಅದಕ್ಕ ಅರ್ಥಿಂಗೂ ಇಲ್ಲ" ಎಂದ. ಬೀಚಿಯವರು ಇದ್ದಿದ್ದರೆ ಈ ಮಾತನ್ನು ತಮ್ಮ ತಿಂಮನ ಬಾಯಿಗೆ ಹಾಕಿಕೊಳ್ಳುತ್ತಿದ್ದರೇನೋ ಎಂದು ನಮಗೆ ಅನಿಸಿತು.

ಇನ್ನೊಂದು ದಿನ ಹೊಸ ಸ್ವಿಚ್ಚಿನ ಪೆಟ್ಟಿಗೆಗೆ ಯಾರೋ ಭಂಡಾರ ಹಚ್ಚಿದ್ದರು. ಇಂಡಿಯ ಹಿರಿಯವನು, "ಇನ್ನ ಇದಕ್ಕ ಫ್ಯೂಜ್ ಬ್ಯಾಡ, ಭಂಡಾರ ಬಿದ್ದೈತಿ" ಎಂದ. ಕಾಕಾ ಹುಬ್ಬು ಗಂಟಿಕ್ಕಿ, "ಮೈಲಾರಲಿಂಗ ನಮ್ಮನ್ನ ಕಾಯ್ತಾನ. ಆದರ ಫ್ಯೂಜಿನ ಕೆಲಸಾನೂ ಅವನಿಗೇ ಹಚ್ಚಬ್ಯಾಡ್ರಿ" ಎಂದರು. ಆ ಮಾತಿಗೆ ಎಲ್ಲರೂ ನಕ್ಕರು, ಫ್ಯೂಜೂ ಬಂದಿತು.

ಇವನ್ನೆಲ್ಲ ನಾವು ಒಂದು ಹಳೆಯ ಲೆಕ್ಕದ ವಹಿಯ ಹಿಂಬದಿಗೆ ಬರೆದುಕೊಳ್ಳುತ್ತ ಬಂದೆವು. ೧೯೪೨ರಲ್ಲಿ ಡಾಕ್ಟರ್ ಎಂ. ಶಿವರಾಂ ಅವರು, ಅಂದರೆ ನಮ್ಮೆಲ್ಲರ 'ರಾಶಿ'ಯವರು, 'ಕೊರವಂಜಿ' ಎಂಬ ಹಾಸ್ಯಪತ್ರಿಕೆಯನ್ನು ಪ್ರಾರಂಭಿಸಿದರಲ್ಲವೇ? ನಾವು ಛಾವಣಿಯ ಕೊರವಂಜಿಯನ್ನು ಕೂಡಿಸುತ್ತಿದ್ದೇವೆಂದು ಹೆಮ್ಮೆಪಟ್ಟುಕೊಂಡೆವು. ಆ ಹೆಮ್ಮೆಗೆ ಏನಾಯಿತೆಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೂ ಮೊದಲು ಈ ನಗೆಮಾತುಗಳ ಬೆನ್ನಿಗಿರುವ ವಿದ್ಯುಚ್ಛಕ್ತಿಯ ವಿಷಯವಾಗಿ ನಾಲ್ಕು ಮಾತು ಅವಶ್ಯ.

ವಿದ್ಯುತ್ತು ಕನ್ನಡಿಗರಿಗೆ ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತಂತಿ ಎಳೆದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದಿತು. ಸೂರ್ಯನ ಬೆಳಕಿನಿಂದ ವಿದ್ಯುತ್ತು ಹುಟ್ಟೀತೆಂಬುದನ್ನು ಫ್ರಾನ್ಸಿನ ಬೆಕ್ರೆಲ್ ೧೮೩೯ರಲ್ಲಿಯೇ ಕಂಡಿದ್ದರೂ, ಕೆಲಸಕ್ಕೆ ಬರುವಂಥ ಸಿಲಿಕಾನ್ ಫಲಕವನ್ನು ಅಮೆರಿಕದ ಬೆಲ್ ಪ್ರಯೋಗಾಲಯದವರು ಜನರ ಮುಂದಿಟ್ಟದ್ದು ೧೯೫೪ರಲ್ಲಿ. ನಮ್ಮವರೇ ಆದ ಹರೀಶ್ ಹಂದೆಯವರು ೧೯೯೫ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ, ಬಡವರ ಮನೆಗೆ ಸೌರದೀಪ ಮುಟ್ಟಿಸಿ, ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨,೦೫೦ ಮೆಗಾವ್ಯಾಟಿನ ಸೌರ ಉದ್ಯಾನವಿದೆ. ೨೦೨೪ರ ಫೆಬ್ರವರಿಯಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು ಒಂದು ಕೋಟಿ ಮನೆಗಳ ಛಾವಣಿಯನ್ನು ಗುರಿಯಾಗಿಟ್ಟುಕೊಂಡಿದೆ. ಮೂರು ಕಿಲೋವ್ಯಾಟಿಗೂ ಅದಕ್ಕೆ ಮೇಲ್ಪಟ್ಟದ್ದಕ್ಕೂ ಮನೆಗೆ ೭೮,೦೦೦ ರೂಪಾಯಿಯ ಸಹಾಯಧನವನ್ನು ಗೊತ್ತುಮಾಡಿದೆ. ಅಷ್ಟು ಛಾವಣಿಗಳಿಗೆ ಅಷ್ಟು ಜನ ಹತ್ತಬೇಕು. ಆ ಜನರೇ ನಮ್ಮ ಹಿಂದಿನ ಬೆಂಚಿನವರು.

ಮನೆಯ ವಿದ್ಯುತ್ತಿಗೂ ಫಲಕದ ವಿದ್ಯುತ್ತಿಗೂ ಒಂದು ಭೇದವಿದೆ. ಅದನ್ನು ಕಾಕಾ ನಮಗೆ ಹೀಗೆ ತಿಳಿಸಿಕೊಟ್ಟರು. ಮನೆಗೆ ಬರುವುದು ೨೩೦ ವೋಲ್ಟಿನ ಪರ್ಯಾಯ ಪ್ರವಾಹ, ಎ.ಸಿ.; ಅದು ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿದು ಮತ್ತೆ ಏರುತ್ತದೆ. ಕಿಡಿ ಹುಟ್ಟಿದರೂ ಆ ಸೊನ್ನೆಯ ಗಳಿಗೆಯಲ್ಲಿ ಆರುವ ಸಂಭವವುಂಟು. ಫಲಕದಿಂದ ಬರುವುದು ಡಿ.ಸಿ.; ಅದಕ್ಕೆ ಸೊನ್ನೆಯೇ ಇಲ್ಲ. ಒಮ್ಮೆ ಹತ್ತಿದ ಕಿಡಿ ಬೆಸುಗೆ ಹಾಕುವವರ ಬೆಂಕಿಯಂತೆ ನಿಂತೇ ಉರಿಯುತ್ತದೆ. ಈಗಿನ ದೊಡ್ಡ ಫಲಕವೊಂದರಲ್ಲಿ ಹೆಚ್ಚುಕಡಮೆ ೫೦ ವೋಲ್ಟ್. ಅಂಥ ಹದಿನಾರನ್ನು ಸಾಲಾಗಿ ಪೋಣಿಸಿದರೆ ೮೦೦ ವೋಲ್ಟ್. ಮನೆಯ ಕರೆಂಟಿನ ಮೂರುಪಟ್ಟಿಗೂ ಮಿಕ್ಕಿತು. ಮೇಲಾಗಿ ಮನೆಯಲ್ಲಾದರೆ ಮೇನ್ ಸ್ವಿಚ್ ಆರಿಸಬಹುದು. ಇಲ್ಲಿ ಸ್ವಿಚ್ ಆರಿಸಿದರೂ ಸ್ವಿಚ್ಚಿನಿಂದ ಮೇಲಿನ ತಂತಿಯಲ್ಲಿ, ಫಲಕದಲ್ಲಿ, ಹೊತ್ತು ಮುಳುಗುವತನಕ ಜೀವ ಇದ್ದೇ ಇರುತ್ತದೆ. "ಸೂರ್ಯನ ಸ್ವಿಚ್ ನನ್ನ ಕೈಯಾಗ ಇಲ್ರೀ" ಎಂದು ಕಾಕಾ ನಕ್ಕರು. ಅದು ನಗೆಮಾತಲ್ಲ, ಪಾಠ.

ಹಾಗಾದರೆ ಇಷ್ಟು ಅಪಾಯದ ನಡುವೆ ಈ ಜನ ನಗುವುದೇಕೆ? ನಮ್ಮ ಬುದ್ಧಿಗೆ ಎಟಕಿದಷ್ಟು ಹೇಳುತ್ತೇವೆ.

ಒಂದು, ಭಯ. ಸುಡುವ ತಗಡಿನ ಮೇಲೆ, ಕೈಗೆ ಕೈಗವಸು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಎಂಟು ತಾಸು ನಿಂತವನು ಭಯವನ್ನೇ ನೆನೆಯುತ್ತಿದ್ದರೆ ಕೆಲಸ ಸಾಗದು. ನಕ್ಕರೆ ಭಯ ತುಸು ದೂರ ಸರಿಯುತ್ತದೆ. ಎರಡು, ಪಾಠ. ಶ್ಯಾವಿಗೆಯೆಂದು ಕರೆಸಿಕೊಂಡ ತಂತಿಯ ಗೋಜಲನ್ನು ಮರುದಿನ ಯಾರೂ ಹಾಗೆ ಬಿಡುವುದಿಲ್ಲ. ಅವಮಾನವಿಲ್ಲದೆ ತಪ್ಪನ್ನು ತೋರಿಸುವ ದಾರಿ ಇದು. ಮೂರು, ಹೇಳಲಾಗದ್ದನ್ನು ಹೇಳುವುದು. ಮದುವೆಯ ಮನೆಯಲ್ಲಿ ನಮ್ಮ ಹೆಂಗಸರು ಬೀಗರ ಹಾಡು ಹೇಳುತ್ತಾರಲ್ಲವೇ? ಬೀಗರೊಡನೆ ಜಗಳ ಕೂಡದು, ಆದರೆ ಅವರ ಜಿಪುಣತನವನ್ನು ಹೇಳದೆಯೂ ಇರಲಾಗದು, ಅದಕ್ಕೆ ಹಾಡು. ರ‍್ಯಾಡ್‌ಕ್ಲಿಫ್ ಬ್ರೌನ್ ಎಂಬ ಆಂಗ್ಲ ಪಂಡಿತರು ೧೯೪೦ರಲ್ಲಿ ಪರಿಹಾಸದ ಬಾಂಧವ್ಯವನ್ನು ಕುರಿತು ಒಂದು ಪ್ರಬಂಧವನ್ನೇ ಬರೆದರು: ಎಲ್ಲಿ ಹತ್ತಿರವೂ ಇರಬೇಕು, ಜಗಳವೂ ಆಗಬಾರದು, ಅಲ್ಲಿ ಹಾಸ್ಯಕ್ಕೆ ಸಲಿಗೆ ಕೊಟ್ಟಿರುತ್ತಾರೆ ಎಂಬುದು ಅವರ ಅಭಿಪ್ರಾಯ. ಛಾವಣಿಯ ಮೇಲೂ ಹಾಗೆಯೇ. ಹತ್ತೊಂಬತ್ತರ ಹುಡುಗ ಐವತ್ತರ ಮುಖ್ಯಸ್ಥರಿಗೆ, "ನಿಮ್ಮ ಜೋಡಣೆ ಸರಿಯಿಲ್ಲ" ಎನ್ನಲಾರ. ಮುಖ್ಯಸ್ಥರು ಗಿರಣಿಯವರಿಗೆ, "ನಿಮ್ಮ ಸಾಮಾನು ಸರಿಯಿಲ್ಲ" ಎನ್ನಲಾರರು. ಆದಕಾರಣ ನಗೆಯ ಬಟ್ಟೆ ತೊಡಿಸಿ ಕಳಿಸುತ್ತಾರೆ.

ಇಲ್ಲಿಯವರೆಗೆ ನಗೆಯ ಗುಣಗಾನವಾಯಿತು. ಆದರೆ ನಾಲ್ಕನೆಯ ಬಗೆಯೊಂದಿದೆ: ಬಾಯಿ ಮುಚ್ಚಿಸುವ ನಗೆ. ಆ ನಗೆಯನ್ನು ನಕ್ಕವರು ಛಾವಣಿಯವರಲ್ಲ. ನಾವು.

ಕೆಲಸ ಅರ್ಧಕ್ಕೆ ಬಂದಾಗ ಕಾಕಾ ಒಂದು ಚೀಟಿ ತಂದರು. ಎರಡು ಬೇಡಿಕೆ. ಕನೆಕ್ಟರುಗಳೆಲ್ಲ ಒಂದೇ ಕಂಪನಿಯವಾಗಿರಬೇಕು. ಅವನ್ನು ತಂತಿಗೆ ಒತ್ತಲು ಅದಕ್ಕೆಂದೇ ಮಾಡಿದ ಇಕ್ಕಳ ಬೇಕು. ಉಗ್ರಾಣದಲ್ಲಿದ್ದದ್ದು ಎರಡು ಕಂಪನಿಯ ಮಾಲು. ಅಗ್ಗಕ್ಕೆ ಸಿಕ್ಕಿತೆಂದು ಎರಡನೆಯದನ್ನು ಕೊಂಡಿದ್ದೆವು. ಹೊಸ ಖರ್ಚಿಗೆ ಮೇಲಿನವರ ರುಜು ಬೇಕು, ರುಜುವಿಗೆ ಕಾರಣ ಬರೆಯಬೇಕು. ಅದು ತಿಂಗಳ ಕೊನೆ, ಲೆಕ್ಕ ಮುಗಿಸುವ ಆತುರ. ನಾವು ಚೀಟಿಯನ್ನು ಓದಿ ನಕ್ಕು, "ಏನು ಕಾಕಾ, ಮೈಲಾರದ ಜಾತ್ರೆಯಲ್ಲಿ ಸರಪಳಿಯನ್ನೇ ಕೈಯಿಂದ ಹರಿಯುವ ಸೀಮೆಯವರು ನೀವು, ಒಂದು ತಂತಿ ಒತ್ತಲಿಕ್ಕೆ ಇಕ್ಕಳ ಬೇಕೆ?" ಎಂದೆವು.

ಸುತ್ತಲಿದ್ದವರು ಗೊಳ್ಳೆಂದರು. ಕಾಕಾ ಕೂಡ ನಕ್ಕರು. ನಕ್ಕು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ನಾವು ಆ ನಗೆಮಾತನ್ನು ವಹಿಯ ಹಿಂಬದಿಗೆ ಬರೆದುಕೊಂಡೆವು. ನಮ್ಮದೇ ಮಾತೆಂದು ಕೆಳಗೆ ಗೆರೆಯನ್ನೂ ಎಳೆದೆವು.

ಫಲಕಗಳು ನಡೆಯತೊಡಗಿ ಕೆಲವು ದಿನಗಳಾದ ಮೇಲೆ, ಊಟದ ಹೊತ್ತಿನಲ್ಲಿ ಜತ್ತದ ಹುಡುಗ ಎಲ್ಲರ ಮುಂದೆ, "ಕಾಕಾ, ಮೂರನೇ ಸಾಲಿನ ಕನೆಕ್ಟರಿಗೆ ಜ್ವರ ಬಂದೈತಿ. ಕಷಾಯ ಕುಡಸೂಣೇನು?" ಎಂದ. ಕಿಲೋ ವ್ಯಾಟಿಗೆ ಚೀಲ ತಂದ ಹುಡುಗನಲ್ಲವೇ ಅವನು? ಅವನೇನು ಹೇಳಿದರೂ ನಗೆ ಬರುತ್ತಿತ್ತು. "ಜಾತಕ ಕೂಡಿಲ್ಲ, ಮೈ ಬಿಸಿ ಇರ್ತದ ಬಿಡು" ಎಂದ ಅಕ್ಕಲಕೋಟೆಯವನು. ನಾವೂ ಅಲ್ಲೇ ರೊಟ್ಟಿ ಬಿಚ್ಚಿ ಕುಳಿತಿದ್ದೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ಹೇಳಿದ್ದು ಅಕ್ಷರಶಃ ನಿಜವೆಂದು ಒಬ್ಬರಿಗೂ ಹೊಳೆಯಲಿಲ್ಲ. ಬೇರೆ ಬೇರೆ ಕಂಪನಿಯ ಕನೆಕ್ಟರುಗಳು ಹೊರಗಿನಿಂದ ಒಂದಕ್ಕೊಂದು ಕೂಡಿದಂತೆ ಕಂಡರೂ ಒಳಗಿನ ಲೋಹ ಸರಿಯಾಗಿ ಅಪ್ಪುವುದಿಲ್ಲ. ಸರಿಯಾಗಿ ಒತ್ತದ ತಂತಿಯೂ ಹಾಗೆಯೇ. ಅಪ್ಪುಗೆ ಸಡಿಲವಾದಲ್ಲಿ ಪ್ರವಾಹಕ್ಕೆ ತಡೆ, ತಡೆಯಿದ್ದಲ್ಲಿ ಕಾವು, ಕಾವಿನಿಂದ ಪ್ಲಾಸ್ಟಿಕ್ ಕರಗುವುದು, ಕರಗಿದ ಮೇಲೆ ಕಿಡಿ. ಹುಡುಗ ಕೈಯಿಂದ ಮುಟ್ಟಿ ಕಾವನ್ನು ತಿಳಿದುಕೊಂಡಿದ್ದ. ನೆಟ್ಟಗೆ ಹೇಳಲು ಸಂಕೋಚಪಟ್ಟು ನಗೆಯಲ್ಲಿ ಸುತ್ತಿ ಹೇಳಿದ್ದ. ನಾವು ಸುತ್ತಿದ ಕಾಗದವನ್ನು ಇಟ್ಟುಕೊಂಡು ಒಳಗಿನ ಪದಾರ್ಥವನ್ನು ಎಸೆದೆವು.

ಮೂರನೆಯ ದಿನ, ನೆತ್ತಿಯ ಮೇಲೆ ಸೂರ್ಯನಿದ್ದಾಗ, ಛಾವಣಿಯಿಂದ ಹೊಗೆ ಕಾಣಿಸಿತು. ಹತ್ತಿರದಲ್ಲಿದ್ದವನು ಆ ಹುಡುಗನೇ. ಬೆಂಕಿ ಹತ್ತುವುದೆಂಬ ಗಾಬರಿಯಲ್ಲಿ, ಪ್ರವಾಹ ಹರಿಯುತ್ತಿದ್ದಂತೆಯೇ, ಕನೆಕ್ಟರನ್ನು ಹಿಡಿದು ಎಳೆದುಬಿಟ್ಟ. ಎಳೆದ ಎರಡು ತುದಿಗಳ ನಡುವೆ ನೀಲಿಯ ಬೆಂಕಿ ಸೇತುವೆಯಂತೆ ನಿಂತಿತು. ಹುಡುಗ ಕಿರುಚಿಕೊಂಡು ಹಿಂದಕ್ಕೆ ಬಿದ್ದ. ಸೊಂಟದ ಪಟ್ಟಿ ಅವನನ್ನು ಹಿಡಿಯಿತು. ಕೆಳಗಿನವರೆಲ್ಲ ಏಕಕಾಲಕ್ಕೆ ಕೂಗಿದರು. ಒಬ್ಬರು ಕನ್ನಡದಲ್ಲಿ, ಒಬ್ಬರು ಮರಾಠಿಯಲ್ಲಿ, ಯಾರ ಮಾತೂ ಯಾರಿಗೂ ಕೇಳದು. ಗಿರಣಿಯವನೊಬ್ಬ ನೀರಿನ ಬಕೀಟು ಹಿಡಿದು ಏಣಿ ಹತ್ತತೊಡಗಿದ. ಎಂಟುನೂರು ವೋಲ್ಟಿನ ಮೇಲೆ ನೀರು!

ಆಗ ಒಂದು ಕೂಗು ಕೇಳಿಸಿತು: "ಸದ್ದಲೇ!"

ಮೈಲಾರದ ಕಾರಣಿಕವನ್ನು ಕಂಡವರಿಗೆ ಈ ಶಬ್ದ ಹೊಸದಲ್ಲ. ಕಾಣದವರಿಗಾಗಿ ಹೇಳುತ್ತೇವೆ. ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಡೆಂಕನಮರಡಿಯಲ್ಲಿ ನೆರೆಯುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರಿ "ಸದ್ದಲೇ" ಎನ್ನುತ್ತಾನೆ. ಅಷ್ಟು ಜನರ ಗದ್ದಲ ಆ ಒಂದು ಶಬ್ದಕ್ಕೆ ಅಡಗಿಬಿಡುತ್ತದೆ. ಆಮೇಲೆ ವರ್ಷದ ಭವಿಷ್ಯವನ್ನು ಒಂದೇ ವಾಕ್ಯದಲ್ಲಿ ನುಡಿದು ಅವನು ಮೇಲಿನಿಂದ ಬೀಳುತ್ತಾನೆ. ಕೆಳಗೆ ನಿಂತ ಭಕ್ತರು ಅವನನ್ನು ನೆಲಕ್ಕೆ ಬೀಳಗೊಡದೆ ಹಿಡಿಯುತ್ತಾರೆ.

ಕಾಕಾ ಕೂಗಿದ್ದು ಅದೇ ಕೂಗು. ಇಂಡಿಯವರು ನಿಂತರು, ಅಕ್ಕಲಕೋಟೆಯವನು ನಿಂತ, ಶಬ್ದ ತಿಳಿಯದ ಮರಾಠಿ ಹುಡುಗರೂ ಆ ದನಿಗೇ ನಿಂತರು. ಬಕೀಟಿನವನು ಏಣಿಯ ನಡುವೆ ನಿಂತುಬಿಟ್ಟ. ಆ ನಿಶ್ಶಬ್ದದಲ್ಲಿ ಕಾಕಾ ಮೂರು ಮಾತು ಹೇಳಿದರು: ಒಬ್ಬ ಹೋಗಿ ಡಿ.ಸಿ. ಐಸೊಲೇಟರ್ ಆರಿಸಬೇಕು, ಒಬ್ಬ ತಾಡಪತ್ರಿ ತಂದು ಆ ಸಾಲಿನ ಫಲಕಗಳನ್ನು ಮುಚ್ಚಬೇಕು, ನೀರು ಯಾರೂ ತರಬಾರದು. ಐಸೊಲೇಟರ್ ಆರಿದೊಡನೆ ನೀಲಿ ಬೆಂಕಿ ಕಡಿದುಹೋಯಿತು. ಹುಡುಗನನ್ನು ಇಳಿಸಿದೆವು. ಅವನ ಬಲ ಅಂಗೈ ಬೆಂದಿತ್ತು. ಯಾರೋ ಭಕ್ತಿಯಿಂದ ಭಂಡಾರ ಹಚ್ಚಲು ಬಂದರು. ಕಾಕಾ ಅವರ ಕೈ ಸರಿಸಿ, ನಲ್ಲಿಯ ಹರಿಯುವ ತಣ್ಣೀರಿಗೆ ಇಪ್ಪತ್ತು ನಿಮಿಷ ಆ ಕೈಯನ್ನು ಹಿಡಿಸಿ, ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕಳಿಸಿದರು. ಸುಟ್ಟ ಗಾಯಕ್ಕೆ ಅರಿಸಿನ, ಎಣ್ಣೆ, ಹಲ್ಲುಜ್ಜುವ ಪೇಸ್ಟು ಯಾವುದೂ ಕೂಡದು, ತಣ್ಣೀರೇ ಮದ್ದು ಎಂಬುದನ್ನು ಈ ಸಭೆಯ ತಾಯಂದಿರು ದಯವಿಟ್ಟು ನೆನಪಿಡಬೇಕು.

ಸಂಜೆ ಹುಡುಗನನ್ನು ನೋಡಲು ಹೋದೆವು. ಅವನು ಯಾರನ್ನೂ ದೂರಲಿಲ್ಲ. ಕೈಗೆ ಕಟ್ಟಿದ ಪಟ್ಟಿಯನ್ನೇ ನೋಡುತ್ತ, "ನಾ ಅವತ್ತ ಹೇಳಿದ್ನೆಲ್ಲ ಕಾಕಾ, ಜ್ವರ ಬಂದೈತಿ ಅಂತ" ಎಂದ. ಕಾಕಾ ಮಾತಾಡದೆ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿಯನ್ನು ತೆಗೆದು ನಮ್ಮ ಕೈಗಿಟ್ಟರು. ಬೆವರಿನಿಂದ ಅಕ್ಷರ ಹರಡಿತ್ತು, ಓದಲು ಬರುತ್ತಿತ್ತು.

ಬಂಧುಗಳೇ, ರಾತ್ರಿ ಮನೆಗೆ ಬಂದು ನಾವು ವಹಿಯ ಹಿಂಬದಿಯನ್ನು ಬಿಚ್ಚಿದೆವು. ಗೆರೆ ಎಳೆದ ಆ ಮಾತನ್ನು ಓದಿದೆವು. ಹೊಡೆದುಹಾಕಲು ಲೇಖನಿ ಎತ್ತಿದ್ದೆವು. ಬೇಡ, ಇರಲಿ ಎಂದು ಬಿಟ್ಟೆವು. ಲೆಕ್ಕ ಬರೆಯುವವನು ತಪ್ಪಿದ ಅಂಕಿಯನ್ನು ಕೆರೆದು ಅಳಿಸಬಾರದು, ಓದುವಂತೆ ಉಳಿಸಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕಬೇಕೆಂಬುದು ನಮ್ಮ ವೃತ್ತಿಯ ನಿಯಮ. ಈ ಭಾಷಣವೇ ಆ ರುಜು ಎಂದು ತಿಳಿಯಿರಿ.

ಮರುದಿನ ನಾವು ಕಾರಣ ಬರೆದು ಮೇಲಿನವರ ಮುಂದಿಟ್ಟೆವು. ಹೀಗೆ ಬರೆದದ್ದು ಮೊದಲೇ ಆಗಬೇಕಿತ್ತೆಂದೂ, ಆಗದ್ದಕ್ಕೆ ಉಗ್ರಾಣದ ಗುಮಾಸ್ತನ ಉದಾಸೀನವೂ ಕಾರಣವೆಂದೂ ಅದರಲ್ಲೇ ಕಾಣಿಸಿದೆವು. ರುಜು ಒಂದೇ ದಿನದಲ್ಲಿ ಬಂತು. ಇಕ್ಕಳ ಬಂತು, ಒಂದೇ ಕಂಪನಿಯ ಕನೆಕ್ಟರುಗಳು ಬಂದವು, ಇಡೀ ಛಾವಣಿಯ ಜಾತಕ ಕೂಡದ ಮದುವೆಗಳನ್ನೆಲ್ಲ ಮುರಿದು ಮತ್ತೆ ಕಟ್ಟಿದರು. ಎಷ್ಟು ಸುಲಭದ ಕೆಲಸಕ್ಕೆ ಎಷ್ಟು ದೊಡ್ಡ ಬೆಲೆ ತೆತ್ತೆವು!

ಆ ಮೇಲೆ ತಂಡದವರೆಲ್ಲ ಕೂಡಿ ಒಂದು ಕಟ್ಟಳೆ ಮಾಡಿಕೊಂಡರು. ನಗಬಾರದೆಂಬ ಕಟ್ಟಳೆಯಲ್ಲ. ನಗೆಯಿಲ್ಲದೆ ಆ ತಗಡಿನ ಮೇಲೆ ಒಂದು ದಿನವೂ ಕಳೆಯದು. ಕಟ್ಟಳೆ ಏನೆಂದರೆ, ಏಳು ಜನರಲ್ಲಿ ಯಾರೇ ಆಗಲಿ, ಎಲ್ಲರಿಗಿಂತ ಚಿಕ್ಕವನೇ ಆಗಲಿ, "ಸದ್ದಲೇ" ಎಂದರೆ ಕೈ ನಿಲ್ಲಬೇಕು, ಬಾಯಿ ನಿಲ್ಲಬೇಕು. ಆ ಶಬ್ದದ ನಂತರ ಹೇಳಿದ ಮಾತು ಹಾಸ್ಯವಲ್ಲ, ಕಾರಣಿಕ. ಅದನ್ನು ನೋಡಿ ಪರೀಕ್ಷಿಸುವವರೆಗೆ ಕೆಲಸ ಮುಂದುವರಿಯಕೂಡದು. ಹೇಳಿದ್ದು ಸುಳ್ಳಾದರೆ ಹೇಳಿದವನನ್ನು ನಗೆಗೀಡು ಮಾಡಕೂಡದು. ಈ ಕೊನೆಯ ಮಾತನ್ನು ಸೇರಿಸಿದವರು ಕಾಕಾ. ನಮ್ಮ ಉಗ್ರಾಣದ ಕಿಟಕಿಗೂ ಈ ಕಟ್ಟಳೆ ಅನ್ವಯಿಸುತ್ತದೆಂದು ನಾವು ಒಪ್ಪಿಕೊಂಡೆವು. ಅಂದಿನಿಂದ ಅವರು ನಮ್ಮ ಕಿಟಕಿಯಲ್ಲಿ ಎರಡು ಸಲ ಆ ಶಬ್ದವನ್ನು ಆಡಿದ್ದಾರೆ. ಎರಡು ಸಲವೂ ಚೀಟಿ ಅವರ ಜೇಬಿಗೆ ಹಿಂದಿರುಗಲಿಲ್ಲ.

ಹಾಗಾದರೆ ಒಳ್ಳೆಯ ನಗೆ ಯಾವುದು, ಕೆಟ್ಟ ನಗೆ ಯಾವುದು ಎಂದು ಗುರುತಿಸುವುದು ಹೇಗೆ? ನಾವು ಕಂಡುಕೊಂಡ ಪರೀಕ್ಷೆ ಒಂದೇ. ನಕ್ಕ ಮೇಲೆ ಕೈ ಎಲ್ಲಿಗೆ ಹೋಯಿತು ಎಂದು ನೋಡಿರಿ. ಶ್ಯಾವಿಗೆಯ ಮಾತಿಗೆ ನಕ್ಕ ಮೇಲೆ ಕೈ ತಂತಿಯ ಕಡೆಗೆ ಹೋಯಿತು. ಭಂಡಾರದ ಮಾತಿಗೆ ನಕ್ಕ ಮೇಲೆ ಕೈ ಫ್ಯೂಜಿಗೆ ಹೋಯಿತು. ಅವು ಒಳ್ಳೆಯ ನಗೆ. ಸರಪಳಿಯ ಮಾತಿಗೆ ನಕ್ಕ ಮೇಲೆ ಕೈ ಜೇಬಿಗೆ ಹೋಯಿತು. ಅದು ಕೆಟ್ಟ ನಗೆ, ಎಷ್ಟೇ ಚೆನ್ನಾಗಿದ್ದರೂ ಸರಿ.

ಇನ್ನು, ಮನೆಯ ಛಾವಣಿಗೆ ಫಲಕ ಹಾಕಿಸಬೇಕೆಂದಿರುವ ಓದುಗರಿಗೆ ನಾಲ್ಕು ವಿನಂತಿ. ವಿದ್ಯುತ್ತಿನ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ೨೦೨೩ರ ಸುರಕ್ಷತಾ ನಿಯಮಗಳಲ್ಲಿದೆ; ಪರವಾನಗಿಯನ್ನು ಕೇಳಿ ನೋಡಿರಿ, ಸಂಕೋಚ ಬೇಡ. ಎರಡನೆಯದಾಗಿ, ಅರ್ಥಿಂಗ್ ತಂತಿ ನಿಜವಾಗಿ ನೆಲದೊಳಗಿನ ಗುಂಡಿಗೆ ಇಳಿದಿದೆಯೇ ಎಂದು ಕಣ್ಣಾರೆ ನೋಡಿರಿ, ಡಿ.ಸಿ. ಕಡೆಗೆ ಡಿ.ಸಿ.ಗೆಂದೇ ಮಾಡಿದ ಸ್ವಿಚ್ಚನ್ನು ಹಾಕಿದ್ದಾರೆಯೇ ಎಂದು ಕೇಳಿರಿ. ಮೂರನೆಯದಾಗಿ, ಊರಿನ ಕರೆಂಟು ಹೋದಾಗ ಬ್ಯಾಟರಿಯಿಲ್ಲದ ನಿಮ್ಮ ಫಲಕವೂ ನಿಂತುಹೋದರೆ, "ಸೂರ್ಯನಿಗೂ ರಜೆಯೇ?" ಎಂದು ಹಾಸ್ಯ ಮಾಡಿರಿ, ಆದರೆ ಅದನ್ನು ಹೇಗಾದರೂ ನಡೆಯಿಸಿಕೊಡಲು ಹುಡುಗರನ್ನು ಕಾಡಬೇಡಿರಿ. ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್ನನಿಗೆ ನಿಮ್ಮ ಮನೆಯಿಂದ ಹಿಮ್ಮುಖವಾಗಿ ವಿದ್ಯುತ್ತು ಹರಿದು ಜೀವ ಹೋಗಬಾರದೆಂದೇ ಇನ್ವರ್ಟರು ತಾನಾಗಿ ನಿಲ್ಲುತ್ತದೆ. ನಾಲ್ಕನೆಯದು, ಕೆಲಸದವರು ಇಂಥದೇ ಸಾಮಾನು ಬೇಕೆಂದರೆ ದರವನ್ನು ಕೇಳುವ ಮೊದಲು ಕಾರಣವನ್ನು ಕೇಳಿರಿ.

ನಮ್ಮ ತಮ್ಮಂದಿರಿಗೂ ಒಂದು ಮಾತು. ೨೦೧೫ರಿಂದ ಸರಕಾರದವರು ಸೂರ್ಯಮಿತ್ರ ಎಂಬ ಹೆಸರಿನಲ್ಲಿ ಈ ಕೆಲಸದ ತರಬೇತಿಯನ್ನು ಏರ್ಪಡಿಸುತ್ತ ಬಂದಿದ್ದಾರೆ. ಆ ಬಗೆಯ ಪುಸ್ತಕಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ತರಿಸಿ ಈ ವಾಚನಾಲಯದಲ್ಲಿ ಒಂದು ಕಪಾಟನ್ನು ಅದಕ್ಕಾಗಿಯೇ ಇಡಬೇಕೆಂದು ನಾವು ಅಧ್ಯಕ್ಷರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ರಟ್ಟು ಹಾಕುವ ಕೆಲಸ ನಮ್ಮದು.

ಜತ್ತದ ತಮ್ಮನ ಒಪ್ಪಿಗೆ ಪಡೆದೇ ಇದನ್ನೆಲ್ಲ ಹೇಳಿದ್ದೇವೆ. ಅವನು ಅಲ್ಲಿ ಕುಳಿತಿದ್ದಾನೆ. ಗಾಯ ಮಾಯ್ದಿದೆ, ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಮತ್ತೆ ಛಾವಣಿ ಹತ್ತಿದ್ದಾನೆ. ಈ ಭಾಷಣವನ್ನು ಬರೆದು ಅವನಿಗೆ ಓದಿ ತೋರಿಸಿದಾಗ ಅವನು ಕೊನೆಗೆ ಹೇಳಿದ್ದು ಇಷ್ಟೇ: "ಎಲ್ಲಾ ಬರೋಬ್ಬರಿ ಐತ್ರಿ ಸಾಹೇಬ್ರ. ಆದರ ನಿಮ್ಮ ಕಡೆ ನನ್ನ ಎರಡು ಕಿಲೋ ವ್ಯಾಟ್ ಬಾಕಿ ಐತಿ."

ನಾವು ನಕ್ಕೆವು. ನಕ್ಕ ಮೇಲೆ ನಮ್ಮ ಕೈ ಎಲ್ಲಿಗೆ ಹೋಯಿತೆಂದು ಅವನು ನೋಡುತ್ತಿದ್ದ. ಅದು ಅವನ ಹೆಗಲಿನ ಮೇಲೆ ಹೋಯಿತು.

ಏಳುಕೋಟಿ ಏಳುಕೋಟಿಗೋ!